ಬೈಪಾಸ್ ಶಸ್ತ್ರಚಿಕಿತ್ಸೆಯ ಹರಿಕಾರ ಡಾ. ರೆನೆ ಫಾವಲೋರೊ

ಬೈಪಾಸ್ ಎಂಬ ಪದವು ಇಂದು ನಮ್ಮ ಮನೆಗಳಲ್ಲಿ ಅಪರಿಚಿತವಾಗಿ ಉಳಿದಿಲ್ಲ. ಸಂಘದ ಯಾವುದೇ ಸಮಾರಂಭದಲ್ಲಿ ಹಿರಿಯರು ಕಲೆತು ಕುಳಿತರೆ, ಎದೆಯ ನಡುವಿನ ಉದ್ದನೆಯ ಗಾಯದ ಗುರುತನ್ನು ಅಂಗಿಯ ಮರೆಯಲ್ಲಿ ಹೊತ್ತವರು ಒಬ್ಬಿಬ್ಬರಾದರೂ ಅಲ್ಲಿರುವುದುಂಟು. ಕಾಲಿನಿಂದ ರಕ್ತನಾಳವೊಂದನ್ನು ತೆಗೆದು ಹೃದಯಕ್ಕೆ ಜೋಡಿಸಿದರೆಂಬ ಮಾತನ್ನು ಈಗ ಯಾರೂ ಸೋಜಿಗದಿಂದ ಹೇಳುವುದಿಲ್ಲ. ಆದರೆ ಆ ಕ್ರಮವನ್ನು ಶಸ್ತ್ರವೈದ್ಯ ಲೋಕದಲ್ಲಿ ನೆಲೆಗೊಳಿಸಿದ ಮಹನೀಯರ ಹೆಸರು ನಮ್ಮಲ್ಲಿ ಅಷ್ಟಾಗಿ ಪ್ರಚಾರ ಪಡೆದಿಲ್ಲ. ಅವರು ಅರ್ಜೆಂಟೀನಾ ದೇಶದ ಡಾ. ರೆನೆ ಫಾವಲೋರೊ. ಹೃದಯದ ಕಡೆಗೆ ತಿರುಗುವ ಮೊದಲು ಅವರು ಹನ್ನೆರಡು ವರ್ಷ ಒಂದು ಕುಗ್ರಾಮದಲ್ಲಿ ಹೆರಿಗೆ ಮಾಡಿಸುತ್ತ, ಮುರಿದ ಮೂಳೆ ಕಟ್ಟುತ್ತ ಕಳೆದವರೆಂಬುದು ಇನ್ನೂ ಕಡಿಮೆ ಜನರಿಗೆ ಗೊತ್ತು.

1923ರ ಜುಲೈ 12ರಂದು ಲಾ ಪ್ಲಾಟಾ ನಗರದಲ್ಲಿ ಜನಿಸಿದ ಫಾವಲೋರೊ ಅವರ ಪೂರ್ವಜರು ಇಟಲಿಯ ಸಿಸಿಲಿ ದ್ವೀಪದಿಂದ ವಲಸೆ ಬಂದವರು. ತಂದೆ ಮರಗೆಲಸದವರು, ತಾಯಿ ಬಟ್ಟೆ ಹೊಲಿಯುವವರು. ಮನೆತನದಲ್ಲಿ ವೈದ್ಯರೊಬ್ಬರಿದ್ದರು. ಆ ಚಿಕ್ಕಪ್ಪನ ಜೊತೆ ರೋಗಿಗಳ ಮನೆಗೆ ಹೋಗುತ್ತಿದ್ದ ಬಾಲಕನಿಗೆ ತಾನೂ ವೈದ್ಯನಾಗಬೇಕೆಂಬ ಆಸೆ ಎಳವೆಯಲ್ಲೇ ಮೂಡಿತು. ಶಾಲೆಗೆ ರಜೆಯಿದ್ದಾಗ ತಂದೆಯ ಕಾರ್ಖಾನೆಯಲ್ಲಿ ಮರಗೆಲಸ ಕಲಿತದ್ದೂ ಉಂಟು. ಉಳಿ ಮತ್ತು ಗರಗಸ ಹಿಡಿದು ಪಳಗಿದ ಕೈಗಳಿಗೆ ಮುಂದೆ ಸೂಜಿ ದಾರಗಳ ನಯಗಾರಿಕೆ ಸುಲಭವಾಗಿ ಒಲಿದಿರಬೇಕೆಂದು ಈ ಲೇಖಕನ ಊಹೆ.

ಲಾ ಪ್ಲಾಟಾ ವಿಶ್ವವಿದ್ಯಾನಿಲಯದಲ್ಲಿ ವೈದ್ಯಕೀಯ ಓದಿ, ಫೆದೆರಿಕೊ ಕ್ರಿಸ್ಟ್‌ಮನ್ ಮತ್ತು ಹೊಸೆ ಮರಿಯಾ ಮೈನೆಟ್ಟಿ ಎಂಬ ಹೆಸರಾಂತ ಗುರುಗಳ ಬಳಿ ಶಸ್ತ್ರಕ್ರಿಯೆಯ ಪಾಠ ಕಲಿತ ಫಾವಲೋರೊ 1949ರ ವೇಳೆಗೆ ಪದವೀಧರರಾದರು. ಆಸ್ಪತ್ರೆಯಲ್ಲಿ ಹುದ್ದೆಯೂ ಸಿದ್ಧವಾಗಿತ್ತು. ಆದರೆ ಅದು ಹುವಾನ್ ಪೆರೋನ್ ಅವರ ಆಳ್ವಿಕೆಯ ಕಾಲ. ಹುದ್ದೆ ಕಾಯಂ ಆಗಬೇಕಾದರೆ ಆಳುವ ಪಕ್ಷದ ತತ್ತ್ವಕ್ಕೆ ನಿಷ್ಠೆ ತೋರುವ ಹೇಳಿಕೆಗೆ ಸಹಿ ಹಾಕಬೇಕಿತ್ತು. ಫಾವಲೋರೊ ಸಹಿ ಹಾಕಲಿಲ್ಲ. ನಗರದ ದೊಡ್ಡ ಆಸ್ಪತ್ರೆಯ ಬಾಗಿಲು ಅಲ್ಲಿಗೆ ಮುಚ್ಚಿತು.

ಆ ಹೊತ್ತಿಗೆ ಲಾ ಪಂಪಾ ಪ್ರಾಂತ್ಯದ ಹಸಿಂತೊ ಅರಾವುಸ್ ಎಂಬ ಹಳ್ಳಿಯಿಂದ ಕರೆಯೊಂದು ಬಂತು. ಅಲ್ಲಿದ್ದ ಏಕೈಕ ವೈದ್ಯರು ಕಾಯಿಲೆ ಬಿದ್ದಿದ್ದರಿಂದ ಕೆಲವು ತಿಂಗಳ ಮಟ್ಟಿಗೆ ಬದಲಿ ವೈದ್ಯರು ಬೇಕಾಗಿದ್ದರು. ಸುಮಾರು ಮೂರೂವರೆ ಸಾವಿರ ಜನರ, ಗಾಳಿಗೆ ಧೂಳೆದ್ದು ಮುಸುಕುವ ಒಣ ಬಯಲಿನ ಊರು. 1950ರಲ್ಲಿ ಅಲ್ಲಿಗೆ ಹೋದ ಫಾವಲೋರೊ ಮರಳಿದ್ದು 1962ರಲ್ಲಿ. 1951ರಲ್ಲಿ ಮರಿಯಾ ಆಂತೋನಿಯಾ ದೆಲ್ಗಾದೊ ಅವರನ್ನು ವರಿಸಿದರು. ಮುಂದೆ ವೈದ್ಯರೇ ಆಗಿದ್ದ ತಮ್ಮ ಹುವಾನ್ ಹೊಸೆ ಕೂಡ ಬಂದು ಅಣ್ಣನ ಜೊತೆಗೂಡಿದರು.

ಸೋದರರಿಬ್ಬರೂ ಸೇರಿ ಹಳೆಯ ಮನೆಯೊಂದನ್ನು 23 ಹಾಸಿಗೆಗಳ ಚಿಕಿತ್ಸಾಲಯವನ್ನಾಗಿ ಪರಿವರ್ತಿಸಿದರು. ಶಸ್ತ್ರಚಿಕಿತ್ಸಾ ಕೊಠಡಿ, ಪ್ರಯೋಗಾಲಯ ಮತ್ತು ಕ್ಷ-ಕಿರಣ ಯಂತ್ರ ಒಂದೊಂದಾಗಿ ಬಂದವು. ರಕ್ತವನ್ನು ಶೇಖರಿಸಿಡುವ ಸೌಕರ್ಯವಿಲ್ಲದ್ದರಿಂದ ಊರಿನವರ ರಕ್ತದ ಗುಂಪನ್ನು ಪರೀಕ್ಷಿಸಿ ಪಟ್ಟಿ ಮಾಡಿಟ್ಟುಕೊಂಡು, ಅಗತ್ಯ ಬಿದ್ದಾಗ ಆಯಾ ಗುಂಪಿನವರನ್ನು ಕರೆಸಿಕೊಳ್ಳುವ ಏರ್ಪಾಡು ಮಾಡಿದರು. ಊರೇ ರಕ್ತಭಂಡಾರವಾಯಿತೆನ್ನಬಹುದು. ಸೂಲಗಿತ್ತಿಯರಿಗೆ ಶುಚಿತ್ವದ ತರಬೇತಿ, ತಾಯಂದಿರಿಗೆ ಶಿಶುಗಳ ಆಹಾರದ ಬಗ್ಗೆ ತಿಳಿವಳಿಕೆ, ಶಾಲೆಗಳಲ್ಲಿ ಆರೋಗ್ಯದ ಪಾಠ, ಇವೆಲ್ಲದರ ಫಲವಾಗಿ ಆ ಭಾಗದಲ್ಲಿ ಶಿಶುಮರಣ ಬಹುಮಟ್ಟಿಗೆ ಇಳಿಯಿತು. ಫಾವಲೋರೊ ಅವರ ಜೀವನಚರಿತ್ರೆಗಳಲ್ಲಿ ಈ ಹನ್ನೆರಡು ವರ್ಷಗಳನ್ನು ಪೀಠಿಕೆಯಂತೆ ಮುಗಿಸಿಬಿಡುವುದುಂಟು. ಅದು ಸರಿಯೆನಿಸುವುದಿಲ್ಲ. ಕಾಯಿಲೆಯನ್ನು ಕಾಯಿಲೆಯವನ ಬಡತನದಿಂದ ಬೇರ್ಪಡಿಸಿ ನೋಡಲಾಗದ ಸ್ವಭಾವ ಅವರಿಗೆ ಬಂದದ್ದು ಇಲ್ಲಿಯೇ. ಕೊನೆಯಲ್ಲಿ ಅವರನ್ನು ಕಾಡಿದ್ದೂ ಅದೇ ಸ್ವಭಾವ.

ಹಳ್ಳಿಯಲ್ಲಿದ್ದರೂ ವೈದ್ಯಕೀಯ ಪತ್ರಿಕೆಗಳ ಓದನ್ನು ಅವರು ಬಿಟ್ಟಿರಲಿಲ್ಲ. ಎದೆಗೂಡಿನ ಶಸ್ತ್ರಚಿಕಿತ್ಸೆಯಲ್ಲಿ ಆಗುತ್ತಿದ್ದ ಹೊಸ ಬೆಳವಣಿಗೆಗಳು ಅವರನ್ನು ಸೆಳೆದವು. ಗುರು ಮೈನೆಟ್ಟಿಯವರ ಸಲಹೆಯಂತೆ 1962ರಲ್ಲಿ ಪತ್ನಿಯೊಡನೆ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ಗೆ ಬಂದಿಳಿದರು. ವಯಸ್ಸು ನಲವತ್ತರ ಸನಿಹ. ಇಂಗ್ಲಿಷ್ ಅಷ್ಟಕ್ಕಷ್ಟೇ. ಅಮೆರಿಕದಲ್ಲಿ ವೃತ್ತಿ ನಡೆಸಲು ಬೇಕಾದ ಪರೀಕ್ಷೆಯನ್ನೂ ಬರೆದಿರಲಿಲ್ಲ. ಹಾಗಾಗಿ ಶಸ್ತ್ರವೈದ್ಯ ವಿಭಾಗದ ಮುಖ್ಯಸ್ಥ ಡೊನಾಲ್ಡ್ ಎಫ್ಲರ್ ಅವರ ಬಳಿ ಮೊದಮೊದಲು ವೀಕ್ಷಕರಾಗಿ ಸೇರಿ, ರೋಗಿಗಳ ಗಾಲಿಮಂಚ ತಳ್ಳುವ ಕೆಲಸವನ್ನೂ ಸಂಕೋಚವಿಲ್ಲದೆ ಮಾಡಿದರು. ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೆ ಕಿರಿಯ ವೈದ್ಯರಾಗಿ, ಬಳಿಕ ಅಲ್ಲಿನ ಪೂರ್ಣ ಪ್ರಮಾಣದ ಶಸ್ತ್ರವೈದ್ಯರಾಗಿ ಮೇಲೇರಿದರು.

ಕ್ಲೀವ್‌ಲ್ಯಾಂಡಿನಲ್ಲಿ ಅವರಿಗೆ ದೊರೆತ ದೊಡ್ಡ ನಿಧಿಯೆಂದರೆ ಡಾ. ಮೇಸನ್ ಸೋನ್ಸ್ ಅವರ ಸ್ನೇಹ. ಹೃದಯದ ಸ್ನಾಯುವಿಗೇ ರಕ್ತವುಣಿಸುವ ನಾಳಗಳನ್ನು ಪರಿಧಮನಿಗಳೆನ್ನುತ್ತಾರೆ. ಜೀವಂತ ಮನುಷ್ಯನಲ್ಲಿ ಈ ನಾಳಗಳ ಒಳಗೆ ನೇರವಾಗಿ ಬಣ್ಣದ ದ್ರವ ಬಿಟ್ಟರೆ ಹೃದಯ ನಿಂತೇಹೋಗುವುದೆಂದು ಅಲ್ಲಿಯವರೆಗೆ ಎಲ್ಲರೂ ನಂಬಿದ್ದರು. 1958ರ ಅಕ್ಟೋಬರ್‌ನಲ್ಲಿ ಬೇರೊಂದು ಪರೀಕ್ಷೆಯ ವೇಳೆ ಸೋನ್ಸ್ ಅವರ ನಳಿಕೆ ಅಕಸ್ಮಾತ್ತಾಗಿ ಯುವಕನೊಬ್ಬನ ಬಲ ಪರಿಧಮನಿಯೊಳಗೆ ಜಾರಿ, ದ್ರವವೆಲ್ಲ ಅದರೊಳಗೆ ಹರಿಯಿತು. ಹೃದಯ ಕೆಲವು ಕ್ಷಣ ನಿಂತಿತು. ಕೆಮ್ಮುವಂತೆ ಸೂಚಿಸಿದಾಗ ಮತ್ತೆ ಮಿಡಿಯತೊಡಗಿತು. ಆ ಅಚಾತುರ್ಯದಿಂದಲೇ ಇಂದಿನ ಆಂಜಿಯೋಗ್ರಾಮ್ ಹುಟ್ಟಿತು. ಸೋನ್ಸ್ ಸಂಗ್ರಹಿಸಿಟ್ಟಿದ್ದ ಚಿತ್ರಸುರುಳಿಗಳನ್ನು ಫಾವಲೋರೊ ದಿನದ ಕೆಲಸ ಮುಗಿದ ಮೇಲೆ ಸಂಜೆಗಳಲ್ಲಿ ಗಂಟೆಗಟ್ಟಲೆ ನೋಡುತ್ತಿದ್ದರು. ನಾಳ ಎಲ್ಲಿ ಮುಚ್ಚಿದೆ, ಮುಚ್ಚಿದ ಜಾಗದ ಆಚೆಗೆ ಚೆನ್ನಾಗಿದೆಯೇ, ಎಡ ಹೃತ್ಕುಕ್ಷಿಯ ಗೋಡೆ ಪ್ರತಿ ಬಡಿತಕ್ಕೂ ಸರಿಯಾಗಿ ಒಳಸರಿಯುತ್ತದೆಯೇ ಎಂಬುದನ್ನು ಅವರ ಕಣ್ಣು ಹಾಗೆ ಓದಲು ಕಲಿಯಿತು.

ಆಗ ಪ್ರಚಲಿತವಿದ್ದ ಶಸ್ತ್ರಕ್ರಿಯೆಗಳು ಅಷ್ಟೇನೂ ತೃಪ್ತಿಕರವಾಗಿರಲಿಲ್ಲ. ಎದೆಯ ಒಳಗೋಡೆಯ ಧಮನಿಯನ್ನು ಹೃದಯದ ಸ್ನಾಯುವಿನಲ್ಲಿ ಸುರಂಗ ಕೊರೆದು ಹುಗಿದಿಡುವ ವೈನ್‌ಬರ್ಗ್ ಪದ್ಧತಿಯಲ್ಲಿ ಫಲ ಕಾಣಲು ತಿಂಗಳುಗಳೇ ಬೇಕಾಗುತ್ತಿದ್ದವು. ನಾಳವನ್ನು ಸೀಳಿ ತೇಪೆ ಹಾಕುವ ಕ್ರಮದಲ್ಲಿ ರಕ್ತ ಹೆಪ್ಪುಗಟ್ಟುವ ಭಯವಿತ್ತು. ಅದೇ ಆಸ್ಪತ್ರೆಯ ಮತ್ತೊಂದು ವಿಭಾಗದಲ್ಲಿ ಮೂತ್ರಪಿಂಡದ ಧಮನಿಗಳನ್ನು ಸರಿಪಡಿಸಲು ಕಾಲಿನ ಸಫೀನಸ್ ಎಂಬ ಅಭಿಧಮನಿಯನ್ನು ಬಳಸುತ್ತಿದ್ದರು. ಮೂತ್ರಪಿಂಡಕ್ಕೆ ಒಗ್ಗಿದ್ದು ಹೃದಯಕ್ಕೇಕೆ ಒಗ್ಗಬಾರದೆಂದು ಫಾವಲೋರೊ ಯೋಚಿಸಿದರು. 1967ರ ಮೇ 9ರಂದು, ಬಲ ಪರಿಧಮನಿ ಪೂರ್ತಿ ಮುಚ್ಚಿಹೋಗಿದ್ದ 51 ವರ್ಷದ ಮಹಿಳೆಯೊಬ್ಬರಿಗೆ ಆ ಭಾಗವನ್ನು ತೆಗೆದು ಕಾಲಿನ ನಾಳದ ತುಂಡನ್ನು ಜೋಡಿಸಿದರು. ದಿನಗಳ ಬಳಿಕ ಸೋನ್ಸ್ ತೆಗೆದ ಚಿತ್ರದಲ್ಲಿ ರಕ್ತ ಸರಾಗವಾಗಿ ಹರಿಯುತ್ತಿತ್ತು. ಶೀಘ್ರದಲ್ಲೇ ಈ ಕ್ರಮ ಇನ್ನಷ್ಟು ಸರಳವಾಯಿತು. ಮುಚ್ಚಿದ ಭಾಗವನ್ನು ಹಾಗೆಯೇ ಬಿಟ್ಟು, ನಾಳದ ಒಂದು ತುದಿಯನ್ನು ಮಹಾಧಮನಿಗೂ ಇನ್ನೊಂದು ತುದಿಯನ್ನು ತಡೆಯ ಆಚೆಗೂ ಹೊಲಿದು ಬಳಸುದಾರಿ ನಿರ್ಮಿಸುವ ಬೈಪಾಸ್ ರೂಪುಗೊಂಡಿತು.

ಈ ಹಾದಿಯಲ್ಲಿ ಫಾವಲೋರೊ ಮೊದಲಿಗರಲ್ಲ. 1964ರಲ್ಲಿ ಲೆನಿನ್‌ಗ್ರಾಡಿನ ಕೊಲೆಸೊವ್ ಎದೆಯ ಧಮನಿಯನ್ನು ಪರಿಧಮನಿಗೆ ಜೋಡಿಸಿದ್ದರು. ಅದೇ ವರ್ಷ ಅಮೆರಿಕದ ಹ್ಯೂಸ್ಟನ್‌ನಲ್ಲಿ ಕಾಲಿನ ನಾಳದ ಬೈಪಾಸ್ ನಡೆದಿದ್ದರೂ ಅದು ಪ್ರಕಟವಾದದ್ದು 1973ರಲ್ಲಿ. ಒಂದೆರಡು ಬಾರಿ ಮಾಡಿ ಬಿಡುವುದು ಬೇರೆ, ದಿನನಿತ್ಯ ನಂಬಿ ಮಾಡಬಲ್ಲ ಚಿಕಿತ್ಸೆಯನ್ನಾಗಿ ಕಟ್ಟುವುದು ಬೇರೆ. 1968ರ ಕೊನೆಗೆ 171 ಇದ್ದ ಸಂಖ್ಯೆ 1970ರ ಜೂನ್ ವೇಳೆಗೆ 1,086ಕ್ಕೆ ಏರಿತು. ಮರಣ ಪ್ರಮಾಣ ಶೇ. 4.2 ಮಾತ್ರ. ಆ ಕಾಲಕ್ಕೆ ಇದು ಅಸಾಮಾನ್ಯ ಸಾಧನೆ.

ಇಲ್ಲಿ ಕಥೆಯನ್ನು ಸ್ವಲ್ಪ ನಿಲ್ಲಿಸಿ, ನಮ್ಮ ಓದುಗ ಕುಟುಂಬಗಳಿಗೆ ನೇರವಾಗಿ ಸಂಬಂಧಿಸಿದ ವಿಷಯವೊಂದನ್ನು ಹೇಳಬೇಕಾಗಿದೆ. ಕಾಲುವೆ ಎಷ್ಟೇ ಸ್ವಚ್ಛವಾಗಿದ್ದರೂ ಏತ ಎತ್ತುವ ತೋಳಿಗೆ ಬಲವಿಲ್ಲದಿದ್ದರೆ ಗದ್ದೆಗೆ ನೀರು ಏರದು. ಹೃದಯದಲ್ಲಿ ಆ ತೋಳಿನ ಕೆಲಸ ಮಾಡುವುದು ಎಡ ಹೃತ್ಕುಕ್ಷಿ. ತುಂಬಿದಾಗ ಅದರಲ್ಲಿ ಸುಮಾರು 120 ಮಿಲಿಲೀಟರ್ ರಕ್ತವಿದ್ದು ಒಂದು ಬಡಿತಕ್ಕೆ 70 ಮಿಲಿಲೀಟರ್ ಹೊರಬಿದ್ದರೆ, ಪಂಪಿಂಗ್ ಸಾಮರ್ಥ್ಯ ಶೇ. 58 ಎಂದು ಲೆಕ್ಕ. ಎಕೋ ವರದಿಯಲ್ಲಿ ಎಜೆಕ್ಷನ್ ಫ್ರ್ಯಾಕ್ಷನ್ ಎಂದು ನಮೂದಾಗಿರುವುದು ಇದೇ. ನೂರಕ್ಕೆ ಅರವತ್ತೆಂದರೆ ಪ್ರಥಮ ದರ್ಜೆಯ ಅಂಚಿನಲ್ಲಿ ಪಾಸಾದಂತೆ ಎಂದು ಭಾವಿಸಿ ಗಾಬರಿಯಾಗುವವರುಂಟು. ಹೃದಯದ ಶಾಲೆಯಲ್ಲಿ ಯಾರಿಗೂ ನೂರು ಅಂಕ ಬರುವುದಿಲ್ಲ. 55ರಿಂದ 70ರ ಒಳಗಿದ್ದರೆ ಅದು ಸಹಜ ಹೃದಯ.

ಬೈಪಾಸ್ ಮಾಡುವಾಗ ಸಾಮಾನ್ಯವಾಗಿ ಹೃದಯವನ್ನು ಕೆಲಕಾಲ ನಿಲ್ಲಿಸಿ, ರಕ್ತ ಪರಿಚಲನೆಯನ್ನು ಯಂತ್ರಕ್ಕೆ ಒಪ್ಪಿಸಲಾಗುತ್ತದೆ. ಬಲವಾದ ಹೃದಯ ಈ ಆಯಾಸದಿಂದ ಬೇಗ ಚೇತರಿಸಿಕೊಳ್ಳುತ್ತದೆ. ಮೊದಲೇ ಸೊರಗಿದ ಹೃದಯ ಯಂತ್ರದಿಂದ ಬೇರ್ಪಟ್ಟ ಕೂಡಲೇ ಇಡೀ ದೇಹದ ಭಾರವನ್ನು ಹೊರಲಾರದೆ ತಡವರಿಸಬಹುದು. ಆಗ ರಕ್ತದೊತ್ತಡ ಕುಸಿಯುತ್ತದೆ, ಮೂತ್ರಪಿಂಡಗಳು ಸೋಲುತ್ತವೆ, ಬಡಿತದ ಲಯ ತಪ್ಪುತ್ತದೆ, ತೀವ್ರ ನಿಗಾ ಘಟಕದ ವಾಸ ದೀರ್ಘವಾಗುತ್ತದೆ. ಶಸ್ತ್ರಚಿಕಿತ್ಸೆಯ ಫಲಿತಾಂಶವನ್ನು ಮುನ್ನಂದಾಜು ಮಾಡುವಾಗ ವೈದ್ಯರು ವಯಸ್ಸು, ಮಧುಮೇಹ, ಮೂತ್ರಪಿಂಡಗಳ ಸ್ಥಿತಿಗಳ ಜೊತೆಗೆ ಈ ಸಂಖ್ಯೆಯನ್ನೂ ತೂಗಿನೋಡುವುದು ಆ ಕಾರಣಕ್ಕೆ.

ಫಾವಲೋರೊ ಅವರಿಗೆ ಇದು ಆರಂಭದಿಂದಲೇ ಮನವರಿಕೆಯಾಗಿತ್ತು. ಹೃದಯಾಘಾತದ ಬಳಿಕ ಸತ್ತ ಸ್ನಾಯು ಕಲೆಯಾಗಿ ತೆಳುವಾಗಿ, ಪ್ರತಿ ಬಡಿತಕ್ಕೂ ಹೊರಕ್ಕೆ ಉಬ್ಬುವ ರೋಗಿಗಳಿದ್ದರು. ಉಳಿದ ಸ್ನಾಯುವಿನ ಶ್ರಮವೆಲ್ಲ ಆ ಉಬ್ಬಿನಲ್ಲಿ ಪೋಲಾಗುತ್ತಿತ್ತು. 1968ರಲ್ಲಿ ಅವರು ಅಂಥ ಉಬ್ಬನ್ನು ಕತ್ತರಿಸಿ ತೆಗೆದು, ಜೊತೆಯಲ್ಲೇ ಕಾಲಿನ ನಾಳವನ್ನೂ ಜೋಡಿಸಿದರು. ಹೃದಯಾಘಾತ ಸಂಭವಿಸುತ್ತಿರುವಾಗಲೇ ತುರ್ತು ಬೈಪಾಸ್ ಕೈಗೊಂಡು, ಮೊದಲ ಆರು ಗಂಟೆಗಳೊಳಗೆ ರಕ್ತ ಮರಳಿಸಿದರೆ ಸ್ನಾಯುವಿನ ಬಹುಭಾಗವನ್ನು ಉಳಿಸಬಹುದೆಂಬುದನ್ನೂ ಕಂಡುಕೊಂಡರು. ನಾಳವನ್ನು ತೆರೆಯುವುದರ ಗುರಿ ಸ್ನಾಯುವನ್ನು ಉಳಿಸುವುದು ಎಂಬ ತಿಳಿವು ಈ ಎರಡೂ ಕೆಲಸಗಳ ಹಿಂದೆ ಇತ್ತು.

ಹಾಗಾದರೆ ದುರ್ಬಲ ಹೃದಯದವರಿಗೆ ಶಸ್ತ್ರಚಿಕಿತ್ಸೆ ಬೇಡವೇ? ಈ ಪ್ರಶ್ನೆಗೆ ಉತ್ತರ ಸಿಗಲು ದಶಕಗಳೇ ಹಿಡಿದವು. 1975ರಿಂದ 1979ರ ನಡುವೆ ಅಮೆರಿಕದ ನೇತೃತ್ವದಲ್ಲಿ 780 ರೋಗಿಗಳನ್ನು ಚೀಟಿ ಎತ್ತುವ ಮಾದರಿಯಲ್ಲಿ ಎರಡು ಗುಂಪು ಮಾಡಿ, ಒಂದಕ್ಕೆ ಬೈಪಾಸ್, ಇನ್ನೊಂದಕ್ಕೆ ಔಷಧ ಎಂದು ಗೊತ್ತುಮಾಡಲಾಯಿತು. ಕ್ಯಾಸ್ ಎಂದು ಹೆಸರಾದ ಅಧ್ಯಯನವಿದು. ಪಂಪಿಂಗ್ ಸಾಮರ್ಥ್ಯ ಸಹಜವಾಗಿದ್ದವರಲ್ಲಿ ಬದುಕುಳಿಯುವ ಮಟ್ಟಿಗೆ ಎರಡೂ ಚಿಕಿತ್ಸೆಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆದರೆ ಶೇ. 50ಕ್ಕಿಂತ ಕಡಿಮೆ ಇದ್ದವರಲ್ಲಿ ಹತ್ತು ವರ್ಷಗಳ ಬಳಿಕ ಬದುಕಿದ್ದವರು ಬೈಪಾಸ್ ಗುಂಪಿನಲ್ಲಿ ಶೇ. 79, ಔಷಧ ಗುಂಪಿನಲ್ಲಿ ಶೇ. 61. ಮೇಜಿನ ಮೇಲೆ ಹೆಚ್ಚು ಅಪಾಯವಿದ್ದವರಿಗೇ ಹೆಚ್ಚು ಲಾಭವೂ ಇತ್ತೆಂಬುದು ಅನೇಕರಿಗೆ ಅಚ್ಚರಿ ತಂದಿತು.

ಶೇ. 35ಕ್ಕಿಂತ ಕೆಳಗಿದ್ದವರನ್ನು ಆ ಅಧ್ಯಯನದಲ್ಲಿ ಸೇರಿಸಿಕೊಂಡಿರಲಿಲ್ಲ. ಅವರ ಸರದಿ ಬಂದದ್ದು ಫಾವಲೋರೊ ಅವರ ನಿಧನದ ನಂತರ. 2002ರಿಂದ 2007ರವರೆಗೆ 22 ದೇಶಗಳ 1,212 ರೋಗಿಗಳನ್ನು ಒಳಗೊಂಡ ಸ್ಟಿಚ್ ಅಧ್ಯಯನದ ಮೊದಲ ವರದಿ 2011ರಲ್ಲಿ ಬಂದಾಗ ಖಚಿತ ವ್ಯತ್ಯಾಸ ಕಾಣಲಿಲ್ಲ. ಶಸ್ತ್ರಚಿಕಿತ್ಸೆ ಪಡೆದವರಿಗೆ ಮೊದಲ ತಿಂಗಳಲ್ಲಿ ಅಪಾಯವೇ ಹೆಚ್ಚಿತ್ತು. 2016ರಲ್ಲಿ, ಸುಮಾರು ಹತ್ತು ವರ್ಷಗಳ ಲೆಕ್ಕ ಪ್ರಕಟವಾದಾಗ ಚಿತ್ರ ಬದಲಾಯಿತು. ಬೈಪಾಸ್ ಜೊತೆಗೆ ಔಷಧ ಪಡೆದವರಲ್ಲಿ ಶೇ. 58.9 ಮಂದಿ, ಬರಿಯ ಔಷಧ ಪಡೆದವರಲ್ಲಿ ಶೇ. 66.1 ಮಂದಿ ಮೃತಪಟ್ಟಿದ್ದರು. ಮೊದಲು ಕಷ್ಟ, ಆಮೇಲೆ ಫಲ. ಈ ಅಂಕಿಗಳು ತೀರಾ ಹರ್ಷಪಡುವಂಥವಲ್ಲವೆಂಬುದನ್ನೂ ಮರೆಮಾಚಬಾರದು. ದುರ್ಬಲ ಹೃದಯದ ದಾರಿ ಬೈಪಾಸ್ ಆದರೂ ಕಠಿಣವೇ.

ರಕ್ತದ ಕೊರತೆಯಿಂದ ಮಂಕಾಗಿ, ಸಾಯದೆ ನಿದ್ರಿಸುತ್ತಿರುವ ಸ್ನಾಯು ಬೈಪಾಸ್ ನಂತರ ಎಚ್ಚೆತ್ತು ಪಂಪಿಂಗ್ ಸಾಮರ್ಥ್ಯ ಮೇಲೇರುವುದುಂಟು. ಕಲೆಗಟ್ಟಿದ ಸ್ನಾಯು ಏಳುವುದಿಲ್ಲ. ಆದರೆ 2019ರಲ್ಲಿ ಇದೇ ಸ್ಟಿಚ್ ರೋಗಿಗಳ ಮರುಪರಿಶೀಲನೆಯಿಂದ ತಿಳಿದುಬಂದಂತೆ, ಈ ಏರಿಕೆಗೂ ಬೈಪಾಸ್‌ನಿಂದ ದೊರೆತ ಆಯುಷ್ಯದ ಲಾಭಕ್ಕೂ ನೇರ ಸಂಬಂಧ ಕಾಣಲಿಲ್ಲ. ಶಸ್ತ್ರಚಿಕಿತ್ಸೆಯಾಗಿ ಆರು ತಿಂಗಳಾದರೂ ಎಕೋ ವರದಿಯ ಅಂಕಿ ಏರಲಿಲ್ಲವೆಂದು ಎಲ್ಲವೂ ವ್ಯರ್ಥವಾಯಿತೆಂದು ಕೊರಗುವ ಮನೆಯವರು ಇದನ್ನು ಗಮನಿಸಬೇಕು. ಔಷಧಗಳನ್ನು ನಿಲ್ಲಿಸಲು ಅಂಕಿ ಏರಿದ್ದೂ ನೆಪವಾಗಬಾರದು, ಏರದಿದ್ದದ್ದೂ ನೆಪವಾಗಬಾರದು. ಆ ತೀರ್ಮಾನ ಚಿಕಿತ್ಸೆ ನೀಡುವ ವೈದ್ಯರಿಗೆ ಸೇರಿದ್ದು.

ಮತ್ತೆ ಕಥೆಗೆ ಬರೋಣ. ಕ್ಲೀವ್‌ಲ್ಯಾಂಡಿನಲ್ಲಿ ಕೀರ್ತಿ, ಸಂಪತ್ತು ಎರಡೂ ಕಾಲಬುಡದಲ್ಲಿದ್ದಾಗ ಫಾವಲೋರೊ ರಾಜೀನಾಮೆ ಸಲ್ಲಿಸಿ 1971ರಲ್ಲಿ ಸ್ವದೇಶಕ್ಕೆ ಮರಳಿದರು. ಎಫ್ಲರ್ ಅವರಿಗೆ ಇದರಿಂದ ಬೇಸರವಾಯಿತು. ಆದರೆ ಇಂಥ ಚಿಕಿತ್ಸೆ ಮತ್ತು ಕಲಿಕೆ ಬ್ಯೂನಸ್ ಐರಿಸ್‌ನಲ್ಲೂ ದೊರೆಯಬೇಕೆಂಬ ಸಂಕಲ್ಪ ಬಲವಾಗಿತ್ತು. ಅಲ್ಲಿನ ಗ್ವೆಮೆಸ್ ಆಸ್ಪತ್ರೆಯಲ್ಲಿ ಕೆಲಸ ಆರಂಭಿಸಿ, 1975ರಲ್ಲಿ ಸಹೋದ್ಯೋಗಿಗಳೊಡನೆ ಫಾವಲೋರೊ ಪ್ರತಿಷ್ಠಾನವನ್ನು ಸ್ಥಾಪಿಸಿದರು. ಅದೇ 1975ರಲ್ಲಿ ನಮ್ಮ ಚೆನ್ನೈ ಪೆರಂಬೂರಿನ ರೈಲ್ವೆ ಆಸ್ಪತ್ರೆಯಲ್ಲಿ ಡಾ. ಕೆ. ಎಂ. ಚೆರಿಯನ್ ಅವರು ಭಾರತದ ಮೊದಲ ಬೈಪಾಸ್ ನೆರವೇರಿಸಿದರೆಂಬುದನ್ನು ನೆನೆದರೆ, ಆ ವಿದ್ಯೆ ಎಂಟೇ ವರ್ಷಗಳಲ್ಲಿ ಎಷ್ಟು ದೂರ ಪಯಣಿಸಿತ್ತೆಂದು ತಿಳಿಯುತ್ತದೆ.

1992ರಲ್ಲಿ ಪ್ರತಿಷ್ಠಾನದ ಹೃದ್ರೋಗ ಸಂಸ್ಥೆ ತನ್ನದೇ ಕಟ್ಟಡದಲ್ಲಿ ತೆರೆಯಿತು. ಲಾಭದ ಉದ್ದೇಶವಿಲ್ಲದ ಸಂಸ್ಥೆ. ಅರ್ಜೆಂಟೀನಾ ಮಾತ್ರವಲ್ಲದೆ ಲ್ಯಾಟಿನ್ ಅಮೆರಿಕದ ಅನೇಕ ದೇಶಗಳಿಂದ ಬಂದ ನಾನೂರೈವತ್ತಕ್ಕೂ ಹೆಚ್ಚು ವೈದ್ಯರು ಫಾವಲೋರೊ ಅವರ ಗರಡಿಯಲ್ಲಿ ತಯಾರಾದರು. ಹಣವಿಲ್ಲವೆಂದು ರೋಗಿಯನ್ನು ಹಿಂದಿರುಗಿಸಬಾರದೆಂಬ ಹಳ್ಳಿಯ ಪಾಠವನ್ನು ಅವರು ಅಲ್ಲಿಯೂ ಪಾಲಿಸಿದರು. ರೋಗಿಗಳನ್ನು ಕಳುಹಿಸಿಕೊಟ್ಟ ವೈದ್ಯರಿಗೆ ಗುಟ್ಟಾಗಿ ಪಾಲು ಕೊಡುವ ಪದ್ಧತಿಯನ್ನು ಕಡುವಾಗಿ ವಿರೋಧಿಸಿದರು. ಬಿಡುವಿನಲ್ಲಿ ಇತಿಹಾಸ ಓದುತ್ತಿದ್ದ ಅವರು ತಮ್ಮ ನಾಡಿನ ಸ್ವಾತಂತ್ರ್ಯವೀರ ಸಾನ್ ಮಾರ್ಟಿನ್ ಕುರಿತು ಎರಡು ಪುಸ್ತಕಗಳನ್ನೂ, ಹಳ್ಳಿಯ ದಿನಗಳ ನೆನಪುಗಳ ಮತ್ತೊಂದು ಪುಸ್ತಕವನ್ನೂ ಬರೆದರು. ತಮ್ಮೂರಿನ ಹಿಮ್ನಾಸಿಯಾ ಫುಟ್‌ಬಾಲ್ ತಂಡದ ಅಭಿಮಾನ ಮಾತ್ರ ಎಲ್ಲಿ ಹೋದರೂ ಬಿಡಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ಅರ್ಜೆಂಟೀನಾ ಆರ್ಥಿಕ ಹಿಂಜರಿತಕ್ಕೆ ಸಿಲುಕಿತು. ಚಿಕಿತ್ಸಾ ವೆಚ್ಚ ಭರಿಸಬೇಕಾಗಿದ್ದ ಸರಕಾರಿ ಹಾಗೂ ಸಾಮಾಜಿಕ ವಿಮಾ ಸಂಸ್ಥೆಗಳು ಬಾಕಿ ಪಾವತಿಸಲಿಲ್ಲ. ಪ್ರತಿಷ್ಠಾನ ಸಾಲದಲ್ಲಿ ಮುಳುಗಿತು. 1998ರಲ್ಲಿ ಪತ್ನಿ ಮರಿಯಾ ತೀರಿಕೊಂಡಿದ್ದರು. ದಶಕಗಳ ಕಾಲ ಜೊತೆಗೆ ದುಡಿದ ಸಿಬ್ಬಂದಿಯನ್ನು ಕೆಲಸದಿಂದ ತೆಗೆಯಬೇಕಾದ ಪರಿಸ್ಥಿತಿ ಎದುರಾದಾಗ, ಸಹಾಯ ಕೋರಿ ಬಾಗಿಲು ಬಾಗಿಲು ತಟ್ಟಿದರು. ದೇಶದ ಅಧ್ಯಕ್ಷ ಫರ್ನಾಂಡೊ ದೆ ಲಾ ರುವಾ ಅವರಿಗೂ ಪತ್ರ ಬರೆದರು. ಆ ಪತ್ರವನ್ನು ಅಧ್ಯಕ್ಷರು ಓದುವ ಹೊತ್ತಿಗೆ ಫಾವಲೋರೊ ಬದುಕಿರಲಿಲ್ಲ. 77 ತುಂಬಿ ಎರಡು ವಾರ ಕಳೆದಿದ್ದಾಗ, 2000ದ ಜುಲೈ 29ರಂದು, ಬ್ಯೂನಸ್ ಐರಿಸ್‌ನ ತಮ್ಮ ಮನೆಯಲ್ಲಿ ಅವರು ತಮ್ಮ ಜೀವನವನ್ನು ತಾವೇ ಕೊನೆಗೊಳಿಸಿಕೊಂಡರು. ಸಾವಿರಾರು ಹೃದಯಗಳನ್ನು ಉಳಿಸಿದವರ ನೋವನ್ನು ಸಕಾಲದಲ್ಲಿ ಕೇಳಿಸಿಕೊಳ್ಳುವವರು ಸಿಗಲಿಲ್ಲವೆಂಬ ಸಂಕಟ ಆ ದೇಶದ ಜನರನ್ನು ಬಹುಕಾಲ ಕಾಡಿತು.

ಪ್ರತಿಷ್ಠಾನ ಮುಚ್ಚಲಿಲ್ಲ. ಅದರ ಆಸ್ಪತ್ರೆ ಮತ್ತು ಅದೇ ಹೆಸರಿನ ವಿಶ್ವವಿದ್ಯಾನಿಲಯ ಬ್ಯೂನಸ್ ಐರಿಸ್‌ನಲ್ಲಿ ನಡೆದುಕೊಂಡು ಬಂದಿವೆ. ಫಾವಲೋರೊ ಬಿಟ್ಟುಹೋದ ಪತ್ರಗಳಲ್ಲಿ ತಮ್ಮ ಅಂತ್ಯಕ್ರಿಯೆಯ ಬಗೆಗೂ ಕೋರಿಕೆಯೊಂದಿತ್ತು. ದೇಹವನ್ನು ದಹಿಸಿ, ಬೂದಿಯನ್ನು ಲಾ ಪಂಪಾದಲ್ಲಿ, ಹಸಿಂತೊ ಅರಾವುಸ್ ಹತ್ತಿರ ತೂರಬೇಕೆಂದು ಅವರು ಕೇಳಿಕೊಂಡಿದ್ದರು.